ಮುಂಬಯಿಗೆ ಹೋದ ಚೂರು

ನಾನು ಸರ್ಜನ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿವೃತ್ತ ಡಾಕ್ಟರುಗಳು ಬರೆಯಲು ಕೂತಾಗ ಊರಿನ ಹೊಟ್ಟೆಗಳನ್ನೆಲ್ಲ ತಾವೇ ತೆರೆದಂತೆ ಬರೆಯುವ ರೂಢಿಯಿದೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನ ಜಾಗ ರೋಗಿಯ ತಲೆಯ ಕಡೆ. ಮೂಗಿನ ಮೇಲೆ ಬಟ್ಟೆ ಹೊದಿಸಿದ ಜಾಲರಿಯಿಟ್ಟು, ಅದರ ಮೇಲೆ ಮಂಪರು ಬರಿಸುವ ಈಥರನ್ನು ಹನಿಹನಿಯಾಗಿ ಬಿಡುತ್ತ, ಉಸಿರು ಕೇಳುತ್ತ ಕೂರುವುದು ನನ್ನ ಕೆಲಸ. ಹೊಟ್ಟೆಯೊಳಗೆ ಏನು ನಡೆದಿದೆ ಎಂಬುದು ನನಗೆ ಸರ್ಜನ್ನರ ಹುಬ್ಬು ನೋಡಿ ತಿಳಿಯುತ್ತಿತ್ತು. ಈಗ ಊರಿನಲ್ಲಿಯೇ ವೈದ್ಯಕೀಯ ಕಾಲೇಜು ಬಂದಿದೆ. ಅಲ್ಲಿಯ ಹುಡುಗರು ಕೆಲವರು ಸಂಜೆ ನಮ್ಮ ಮನೆಗೆ ಬಂದು, ಆಗಿನ ಕಾಲದಲ್ಲಿ ಮೂತ್ರಪಿಂಡದ ಗಡ್ಡೆಗಳನ್ನು ಹೇಗೆ ಗುರುತಿಸುತ್ತಿದ್ದಿರಿ ಎಂದು ಕೇಳುತ್ತಾರೆ. ಬಹಳ ಸಲ ಗುರುತಿಸುತ್ತಲೇ ಇರಲಿಲ್ಲ ಎಂದರೆ ನಗುತ್ತಾರೆ. ಅದು ನಗುವ ಮಾತಲ್ಲ ಎಂದು ತಿಳಿಸಲು ಇಷ್ಟನ್ನು ಬರೆದಿಡುತ್ತಿದ್ದೇನೆ.

ಆಗ ನಮ್ಮ ಸೀಮೆಯಲ್ಲಿ ಮಗುವಿನ ಹೊಟ್ಟೆ ಉಬ್ಬಿದೆ ಎಂದರೆ ಅದು ಜ್ವರಗಡ್ಡೆಯೇ. ಮಲೇರಿಯಾ ಬಂದು ಬಂದು ಎಡಗಡೆಯ ಗುಲ್ಮ ಊದಿಕೊಂಡ ಮಕ್ಕಳು ದಿನಾ ಬರುತ್ತಿದ್ದರು. ಕ್ವಿನೈನ್ ಕೊಡುವುದು, ಕಳಿಸುವುದು. ನಮ್ಮ ಬಳಿ ಬರುವ ಮೊದಲೇ ಅವಕ್ಕೆ ಊರಿನಲ್ಲಿ ಬಟ್ಟಿ ತಿಕ್ಕಿಸಿರುತ್ತಿದ್ದರು. ಹೊಕ್ಕುಳ ಸರಿದಿದೆ ಎಂದು ಎಣ್ಣೆ ಹಚ್ಚಿ ಹೊಟ್ಟೆ ಒತ್ತಿ ನೀವುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಅದಕ್ಕೂ ಬಗ್ಗದಿದ್ದರೆ ಕಾದ ಕಬ್ಬಿಣದ ಬರೆ. ಇಂಥ ಮಕ್ಕಳ ನಡುವೆ ಯಾವಾಗಲೋ ಒಂದು ಮಗುವಿನ ಗಡ್ಡೆ ಮಾತ್ರ ಗುಲ್ಮದ್ದಾಗಿರುತ್ತಿರಲಿಲ್ಲ. ಮಗು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮೂತ್ರಪಿಂಡದಲ್ಲಿ ಬೀಜ ಬಿದ್ದು, ಹುಟ್ಟಿದ ಮೇಲೆ ಬೆಳೆಯುವ ಗಡ್ಡೆ ಅದು. ಅಪರೂಪದ್ದು. ಅಪರೂಪದ ರೋಗದ ದೊಡ್ಡ ಅಪಾಯವೆಂದರೆ ಅದು ನಿತ್ಯದ ರೋಗದ ಅಂಗಿ ತೊಟ್ಟು ಬರುತ್ತದೆ.

ನಮ್ಮ ಸರ್ಜನ್ ಹಂಚಿನಾಳ ಸಾಹೇಬರು ಧಾರವಾಡದವರು, ಮುಂಬಯಿಯಲ್ಲಿ ಕಲಿತು ಬಂದವರು. ಸಿಡುಕು ಸ್ವಭಾವ. ಆದರೆ ವಾರ್ಡಿನ ಆಳಿನಿಂದ ಹಿಡಿದು ಕಲೆಕ್ಟರರವರೆಗೆ ಎಲ್ಲರಿಗೂ ‘ರೀ’ ಎನ್ನುತ್ತಿದ್ದರು. ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ. “ನೀವು ಶುದ್ಧ ದಡ್ಡರದೀರಿ ನೋಡ್ರಿ” ಎಂದು ನನಗೆ ಎಷ್ಟು ಸಲ ಅಂದಿದ್ದಾರೋ ಲೆಕ್ಕವಿಲ್ಲ.

ಅವರು ಬಂದ ಹೊಸತರಲ್ಲಿ ಶಿರಗುಪ್ಪಿಯಿಂದ ಒಬ್ಬ ಚಿಕ್ಕ ಹುಡುಗನನ್ನು ಅವನ ಮನೆಯವರು ತಂದರು. ಎಡಗಡೆ ಗಡ್ಡೆ, ಆಗಾಗ ಜ್ವರ, ಹೊಟ್ಟೆಯ ಮೇಲೆ ಬರೆಯ ಗುರುತು. ಹಂಚಿನಾಳರು ಮುಟ್ಟಿ ನೋಡಿ ಗುಲ್ಮವೆಂದರು. ನಾವೆಲ್ಲರೂ ಸರದಿಯಂತೆ ಒತ್ತಿ ನೋಡಿ ಗುಲ್ಮವೆಂದೆವು. ಮೇಲಿನವರು ಒಂದು ಮಾತು ಹೇಳಿದ ಮೇಲೆ ಕೆಳಗಿನವರ ಬೆರಳಿಗೂ ಅದೇ ಸಿಗುತ್ತದೆ. ಕ್ವಿನೈನ್ ಕೊಟ್ಟು ಕಳಿಸಿದೆವು. ಮತ್ತೆ ಕರೆತಂದಾಗ ಗಡ್ಡೆ ಹೊಕ್ಕುಳ ದಾಟಿತ್ತು, ಮೂತ್ರ ಕೆಂಪಾಗಿತ್ತು. ತೆರೆದು ನೋಡಿದರೆ ಗುಲ್ಮ ತನ್ನ ಪಾಡಿಗೆ ತಾನು ಮೇಲಿತ್ತು. ಅದರ ಕೆಳಗೆ ಮೂತ್ರಪಿಂಡದ ಗಡ್ಡೆ ಒಡೆದು ಸುತ್ತಲೂ ಹರಡಿತ್ತು. ತೆಗೆಯಲು ಬರುವಂತಿರಲಿಲ್ಲ. ಹೊಲಿದು ಮುಚ್ಚಿದರು. ಹುಡುಗ ಆ ವಾರವೇ ತೀರಿಕೊಂಡ. ಅವನ ತಂದೆ ಹೊರಡುವಾಗ ಸಾಹೇಬರ ಕಾಲು ಮುಟ್ಟಿ, ಭಾಳ ಮಾಡಿದ್ರಿ ನಮಗಾಗಿ ಎಂದು ಹೇಳಿ ಹೋದ. ಬೈದು ಹೋಗಿದ್ದರೆ ಸಾಹೇಬರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಎಷ್ಟೋ ದಿನ ಅವರು ಊಟದ ಹೊತ್ತಿನಲ್ಲಿ ನಮ್ಮೊಡನೆ ಕೂರಲಿಲ್ಲ.

ಆ ಮೇಲೆ ನಮ್ಮಲ್ಲಿ ಪದ್ಧತಿ ಬದಲಾಯಿತು. ಹೊಟ್ಟೆಯ ಗಡ್ಡೆಯ ಮೇಲೆ ಮೊದಲು ಬೆರಳು ಬಡಿದು ಸದ್ದು ಕೇಳಬೇಕು. ಗುಲ್ಮವಾದರೆ ಮೊದ್ದು ಸದ್ದು. ಮೂತ್ರಪಿಂಡವಾದರೆ ಅದರ ಮುಂದೆ ಕರುಳು ಹಾದಿರುತ್ತದೆ, ಟೊಳ್ಳು ಸದ್ದು. ಆ ಮೇಲೆ ಒಂದು ಕೈ ಬೆನ್ನಿನ ಕೆಳಗೆ, ಒಂದು ಕೈ ಮುಂದೆ ಇಟ್ಟು ನೋಡಬೇಕು. ಹಿಂದಿನಿಂದ ಮೆಲ್ಲಗೆ ತಳ್ಳಿದರೆ ಮುಂದಿನ ಕೈಗೆ ಬಂದು ತಾಗುವುದು ಮೂತ್ರಪಿಂಡ. ಇಷ್ಟನ್ನು ಒಬ್ಬರೇ ಮಾಡಬೇಕು, ಒಂದೇ ಸಲ. ಮಿಕ್ಕವರು ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಬೇಕು. ಈ ಗಡ್ಡೆಯ ಸಿಪ್ಪೆ ಬಲು ತೆಳು, ಹತ್ತು ಜನ ಕಲಿಯುವ ಆಸೆಯಿಂದ ಹತ್ತು ಸಲ ಒತ್ತಿದರೆ ಒಡೆದು ಚೆಲ್ಲುತ್ತದೆ. ಬಟ್ಟಿ ತಿಕ್ಕುವ ಮುದುಕಿಯರನ್ನು ಬೈಯುತ್ತಿದ್ದ ನಾವು ಶಿರಗುಪ್ಪಿಯ ಹುಡುಗನಿಗೆ ಬೇರೆ ಏನನ್ನೂ ಮಾಡಿರಲಿಲ್ಲ, ಎಣ್ಣೆ ಮಾತ್ರ ಹಚ್ಚಿರಲಿಲ್ಲ.

ದೊಡ್ಡವರ ಗಡ್ಡೆಯ ನಡತೆ ಬೇರೆ. ಹತ್ತಿಯ ದಲಾಲರೊಬ್ಬರು ನೋವೇ ಇಲ್ಲದೆ ಮೂತ್ರದಲ್ಲಿ ರಕ್ತ ಕಂಡು, ಉಷ್ಣವಾಗಿದೆ ಎಂದು ಕೊತ್ತಂಬರಿ ಬೀಜದ ನೀರು ಕುಡಿದರು. ರಕ್ತ ನಿಂತಿತು. ಅದು ತಾನಾಗಿಯೇ ನಿಲ್ಲುವ ರಕ್ತ, ನೀರಿಗೇನೂ ಸಂಬಂಧವಿಲ್ಲ. ನಿಂತಿತಲ್ಲ ಎಂದು ವರ್ಷಗಟ್ಟಲೆ ಸಮಾಧಾನದಿಂದಿದ್ದರು. ಅವರಿಗೋಸ್ಕರವೇ ನಮ್ಮಲ್ಲಿ ಮೊದಲ ಸಲ ಹೊಸ ಚುಚ್ಚುಮದ್ದಿನ ಎಕ್ಸ್‌ರೇ ತೆಗೆಸಿದ್ದು. ಅಯೋಡಿನ್ ಬೆರೆತ ಔಷಧವನ್ನು ರಕ್ತನಾಳಕ್ಕೆ ಕೊಟ್ಟರೆ ಅದು ಮೂತ್ರಪಿಂಡದಿಂದ ಇಳಿಯುವಾಗ ಚಿತ್ರದಲ್ಲಿ ಬೆಳ್ಳಗೆ ಮೂಡುತ್ತದೆ. ನೆಟ್ಟಗಿರುವ ಮೂತ್ರಪಿಂಡದ ಒಳಗು ದ್ರಾಕ್ಷಿಯ ಗೊಂಚಲಿನ ಕಡ್ಡಿಯಂತೆ ಕಾಣುತ್ತದೆ. ಗಡ್ಡೆಯಿದ್ದರೆ ಆ ಕಡ್ಡಿ ತುಳಿದು ಚಪ್ಪಟೆ ಮಾಡಿದಂತಿರುತ್ತದೆ. ದಲಾಲರದು ಹಾಗಿತ್ತು, ಕಾಲವೂ ಮೀರಿತ್ತು. ರಕ್ತ ತಾನೇ ನಿಂತರೆ ರೋಗಿ ನಗಲಿ, ಡಾಕ್ಟರು ನಗಬಾರದು. ಇದನ್ನು ಬರೆದುಕೊಳ್ಳಿ.

ಇನ್ನು ಜೈತೂನಳ ವಿಷಯ. ನಾನು ಈ ಬರಹಕ್ಕೆ ಕೂತದ್ದೇ ಅವಳಿಗಾಗಿ.

ಹಳೇ ಹುಬ್ಬಳ್ಳಿಯ ದಾವಲಸಾಬರು ಕಲಾಯಿ ಮಾಡುವವರು. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರ ಬಳಿದು ಹೊಳೆಯಿಸುವ ಕಸುಬು. ಅವರ ಹೆಂಡತಿಗೆ ಮೂರು ಮಕ್ಕಳು ಹುಟ್ಟಿ ಹೋದ ಮೇಲೆ ಉಳಿದ ಒಂದೇ ಕೂಸು ಜೈತೂನ. ನಾಲ್ಕು ವರ್ಷವೂ ತುಂಬಿರಲಿಲ್ಲ. ಸ್ನಾನ ಮಾಡಿಸುವಾಗ ತಾಯಿಯ ಕೈಗೆ ಎಡ ಮಗ್ಗುಲಲ್ಲಿ ಏನೋ ಗಟ್ಟಿಯಾಗಿ ಹತ್ತಿತಂತೆ. ತಿಕ್ಕಿಸಲಿಲ್ಲ, ಬರೆ ಹಾಕಿಸಲಿಲ್ಲ. ಮೂರು ಮಕ್ಕಳಿಗೆ ಎಲ್ಲ ಮಾಡಿಸಿ ನೋಡಿ ಸಾಕಾಗಿತ್ತು. ನೆಟ್ಟಗೆ ಆಸ್ಪತ್ರೆಗೆ ತಂದರು.

ಹಂಚಿನಾಳರು ಬೆರಳು ಬಡಿದರು. ಟೊಳ್ಳು ಸದ್ದು. ಒಂದು ಸಲ ಬೆನ್ನಿಗೆ ಕೈಯಿಟ್ಟು ನೋಡಿದರು, ಅಷ್ಟೇ. ಆ ಕ್ಷಣದಿಂದ ಹುಡುಗಿಯ ಹೊಟ್ಟೆಗೆ ಹತ್ತಿ ಇಟ್ಟು ಪಟ್ಟಿ ಸುತ್ತಿಸಿದರು. ಸಿಸ್ಟರ್ ಕೂಡ ಬಿಚ್ಚಿ ಮುಟ್ಟಕೂಡದು. ಎಕ್ಸ್‌ರೇಯಲ್ಲಿ ಎಡಗಡೆಯ ಕಡ್ಡಿ ತುಳಿದಂತಿತ್ತು, ಬಲಗಡೆಯದು ನೆಟ್ಟಗಿತ್ತು. ಎದೆಯ ಚಿತ್ರ ಸ್ವಚ್ಛವಾಗಿತ್ತು. ಎಂದರೆ ರೋಗ ಇನ್ನೂ ಶ್ವಾಸಕೋಶಕ್ಕೆ ಹಾರಿರಲಿಲ್ಲ. ಸಾಹೇಬರು ದಾವಲಸಾಬರನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು. ಎಡಗಡೆಯ ಮೂತ್ರಪಿಂಡವನ್ನು ಗಡ್ಡೆಯ ಸಮೇತ ತೆಗೆಯಬೇಕು. ಒಂದರಿಂದ ಬದುಕಬಹುದು. ತೆಗೆಯದಿದ್ದರೆ ಹುಡುಗಿ ಉಳಿಯುವುದಿಲ್ಲ, ತೆಗೆದರೂ ಉಳಿದೇ ಉಳಿಯುತ್ತಾಳೆ ಎಂದು ಮಾತು ಕೊಡಲಾರೆ.

ದಾವಲಸಾಬರು ತವರದಿಂದ ಕಪ್ಪಾದ ತಮ್ಮ ಬೆರಳುಗಳನ್ನು ನೋಡಿಕೊಂಡರು. ಆ ಮೇಲೆ ಒಂದೇ ಕರಾರು ಹಾಕಿದರು.

“ತಗೀರಿ ಸಾಹೇಬ್ರ. ಆದ್ರ ತಗದದ್ದು ಅಷ್ಟೂ ನನ್ನ ಕೈಯಾಗ ಕೊಡಬೇಕ್ರಿ. ಮಣ್ಣು ಮಾಡ್ತೇನಿ. ಕಯಾಮತ್ ದಿನಾ ಆಕಿ ಎದ್ದು ನಿಂತಾಗ, ನಂದೊಂದು ಎಲ್ಲೈತಿ ಅಂತ ಹುಡುಕಬಾರ್ದು.”

ಕಯಾಮತ್ ಎಂದರೆ ಸತ್ತವರೆಲ್ಲ ಎದ್ದು ದೇವರ ಮುಂದೆ ನಿಲ್ಲುವ ಕಡೆಯ ದಿನ. ಹಂಚಿನಾಳರು, ಅಷ್ಟೂ ಕೊಡುತ್ತೇನೆ ಎಂದರು. ಕಣ್ಣಿನಿಂದ ನೋಡಿದರೆ ಗಡ್ಡೆಯ ಜಾತಿ ತಿಳಿಯುತ್ತದೆ, ಬೇರೆ ಪರೀಕ್ಷೆ ಬೇಕಾಗಲಿಕ್ಕಿಲ್ಲ ಎಂಬುದು ಅವರ ಎಣಿಕೆ. ಮರುದಿನ ದಾವಲಸಾಬರು ಹೊಸದಾಗಿ ಕಲಾಯಿ ಮಾಡಿದ ಮುಚ್ಚಳದ ತಾಮ್ರದ ಡಬ್ಬಿಯನ್ನೂ ಬಿಳಿ ಬಟ್ಟೆಯನ್ನೂ ತಂದು ಆಪರೇಶನ್ ಕೋಣೆಯ ಬಾಗಿಲಲ್ಲಿ ಕುಳಿತರು. ಹೆಂಡತಿಯನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದರು.

ಮಗುವಿಗೆ ಈಥರ್ ಕೊಡುವುದು ದೊಡ್ಡವರಿಗೆ ಕೊಟ್ಟಂತಲ್ಲ. ಒಂದು ಹನಿ ಹೆಚ್ಚಾದರೆ ಉಸಿರು ಮರೆಯುತ್ತದೆ, ಒಂದು ಹನಿ ಕಡಿಮೆಯಾದರೆ ಹೊಟ್ಟೆ ಬಿಗಿಯುತ್ತದೆ. ಮೊದಲೆಲ್ಲ ಸೊಂಟದ ಹಿಂದಿನಿಂದ ಕೊಯ್ದು ಮೂತ್ರಪಿಂಡ ತೆಗೆಯುತ್ತಿದ್ದೆವು, ಅದರಿಂದ ಗಡ್ಡೆಯನ್ನು ಹಿಡಿದು ಎಳೆಯಬೇಕಾಗುತ್ತಿತ್ತು. ಈ ಸಲ ಹಂಚಿನಾಳರು ಮುಂದಿನಿಂದ ಹೋದರು. ಗಡ್ಡೆಯನ್ನು ಮುಟ್ಟದೆ ಮೊದಲು ಅದರ ರಕ್ತನಾಳಗಳನ್ನು ಹುಡುಕಿ ಕಟ್ಟಿದರು. ಆ ಗಂಟು ಬಿಗಿಯುವಾಗ ಹುಡುಗಿಯ ಉಸಿರು ನಿಂತಿತು. ಜಾಲರಿ ತೆಗೆದು ಗದ್ದ ಎತ್ತಿ ಹಿಡಿದು ಕಾಯ್ದೆ. ನಾನು ದೇವರನ್ನು ನಂಬುವುದರಲ್ಲಿ ಅಷ್ಟು ಗಟ್ಟಿಯಲ್ಲ, ಆದರೆ ಆಗ ಯಾರನ್ನೋ ಕೇಳಿಕೊಂಡದ್ದು ಖರೆ. ಅವಳು ಸಣ್ಣಗೆ ನರಳಿ ಉಸಿರೆಳೆದಳು. ಸಾಹೇಬರು ತಲೆಯೆತ್ತಲಿಲ್ಲ, “ಅದಾಳೇನ್ರಿ?” ಎಂದಷ್ಟೇ ಕೇಳಿದರು. ಇದ್ದಾಳೆ ಎಂದೆ.

ಗಡ್ಡೆ ಒಡೆಯದೆ ಇಡಿಯಾಗಿ ಬಂದಿತು. ಹೊಲಿಗೆ ಮುಗಿದ ಮೇಲೆ ತಟ್ಟೆಯಲ್ಲಿಟ್ಟು ಸಾಹೇಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಹುಬ್ಬು ಗಂಟಿಕ್ಕಿತು. ಪುಸ್ತಕದಲ್ಲಿ ಹೇಳಿದಂತೆ ಅದು ಇರಲಿಲ್ಲ. ಒಂದು ಮಗ್ಗುಲು ಬೆಳ್ಳಗೆ ಮೆತ್ತಗೆ, ಇನ್ನೊಂದು ಮಗ್ಗುಲು ನೀರು ತುಂಬಿದ ಚೀಲಗಳು. ಹುಟ್ಟಿನಿಂದ ಬರುವ ಕೆಟ್ಟ ಜಾತಿಯೇ ಆಗಿದ್ದರೆ ಹುಡುಗಿಗೆ ಮುಂಬಯಿಯಲ್ಲಿ ಎಕ್ಸ್‌ರೇ ಕಿರಣದ ಚಿಕಿತ್ಸೆ ಕೊಡಿಸಲೇಬೇಕು, ಇಲ್ಲವಾದರೆ ಅದು ತಿರುಗಿ ಬರುತ್ತದೆ. ನಿರುಪದ್ರವಿ ನೀರುಗಡ್ಡೆಯಾಗಿದ್ದರೆ ಅಂಥ ಎಳೆಯ ಮೈಗೆ ಕಿರಣ ಕೊಡುವುದೇ ದೊಡ್ಡ ಅಪಾಯ. ಎರಡರಲ್ಲಿ ಯಾವುದೆಂದು ಸೂಕ್ಷ್ಮದರ್ಶಕ ಹೇಳಬೇಕು. ಅದನ್ನು ಓದಬಲ್ಲವರು ಇದ್ದದ್ದು ಮುಂಬಯಿಯಲ್ಲಿ.

ನಮ್ಮೆಲ್ಲರ ಮನಸ್ಸಿನಲ್ಲಿದ್ದುದನ್ನು ಹಿರಿಯ ಸಿಸ್ಟರ್ ಆಡಿಬಿಟ್ಟರು. ಅಡಿಕೆಯಷ್ಟು ಕತ್ತರಿಸಿ ತೆಗೆದಿಟ್ಟುಕೊಂಡರಾಯಿತು, ಬಾಗಿಲಲ್ಲಿ ಕೂತವನಿಗೆ ಹೇಗೆ ತಿಳಿಯಬೇಕು ಎಂದರು. ಆಕೆ ಕೆಟ್ಟವರಲ್ಲ, ಹುಡುಗಿಯ ಹಿತಕ್ಕೇ ಹೇಳಿದ್ದು.

“ತಿಳಿಯೂದಿಲ್ಲ, ಖರೇ” ಎಂದರು ಹಂಚಿನಾಳರು. “ಅದಕ್ಕ ಕೇಳಬೇಕು. ಕರೀರಿ ಅವರನ್ನ.”

ದಾವಲಸಾಬರು ಒಳಗೆ ಬಂದು ಮೊದಲು ಮಗಳ ಮುಖ ನೋಡಿದರು, ಆ ಮೇಲೆ ತಟ್ಟೆ ನೋಡಿದರು. ಸಾಹೇಬರು ತಮ್ಮ ಎಣಿಕೆ ತಪ್ಪಿದ್ದನ್ನು ಹೇಳಿ, ಒಂದು ಚೂರು ಮುಂಬಯಿಗೆ ಹೋಗಬೇಕೆಂದರು. ಕೊಡದಿದ್ದರೆ ಏನಾಗುತ್ತದೆ ಎಂದು ದಾವಲಸಾಬರು ಕೇಳಿದರು. ಕೊಡದಿದ್ದರೂ ಡಬ್ಬಿ ತುಂಬಿ ಕೊಡುತ್ತೇನೆ, ಮಾತು ಮಾತೇ, ಆದರೆ ಮುಂದಿನ ದಾರಿ ನನಗೆ ಕಾಣುವುದಿಲ್ಲ, ಕುರುಡನಂತೆ ನಿಮ್ಮ ಮಗಳ ಕೈ ಹಿಡಿದಂತಾಗುತ್ತದೆ ಎಂದು ಸಾಹೇಬರು ಹೇಳಿದರು.

ದಾವಲಸಾಬರು ಹೊರಗೆ ಹೋದರು. ಮಸೀದಿಯ ಮೌಲ್ವಿಗಳನ್ನು ಕೇಳಲು ಹೋಗಿದ್ದಾರೆಂದು ಆಮೇಲೆ ತಿಳಿಯಿತು. ನಾವು ತಟ್ಟೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿ ಕಾದೆವು. ಅಷ್ಟು ಹೊತ್ತು ಹಂಚಿನಾಳರು ತಟ್ಟೆಯ ಹತ್ತಿರ ಹೋಗಲಿಲ್ಲ. ಕಿಟಕಿಯ ಕಡೆ ನಿಂತುಕೊಂಡರು. ದಾವಲಸಾಬರು ಮರಳಿ ಬಂದಾಗ ಏದುತ್ತಿದ್ದರು.

“ಜೀವ ಉಳೀತದಂದ್ರ ಕೊಡು ಅಂದ್ರರಿ ಮೌಲ್ವಿ ಸಾಹೇಬ್ರು. ಅವರು ಹೂಂ ಅಂದ್ರೂ ನನ್ನ ಜೀವ ಒಪ್ಪವಲ್ದು. ನಾ ಇದನ್ನ ದಾನ ಕೊಡಾಕತ್ತಿಲ್ರಿ. ಅಮಾನತ್ ಇಡಾಕತ್ತೇನಿ. ನೋಡೂದು ಮುಗಿದ ಮ್ಯಾಲೆ ತಿರುಗಿ ಬರಬೇಕು.”

ಅಮಾನತ್ ಎಂದರೆ ನಂಬಿ ಕಾಪಾಡಲು ಒಪ್ಪಿಸಿದ ವಸ್ತು. ಅದನ್ನು ಬಳಸುವುದಿಲ್ಲ, ಕೇಳಿದಾಗ ಇಲ್ಲವೆನ್ನುವುದಿಲ್ಲ. ಹಂಚಿನಾಳರು ಕೈಗವಸು ತೆಗೆದು ಅವರ ಕೈ ಹಿಡಿದು, ಅಮಾನತ್ ಎಂದರು. ದಾವಲಸಾಬರ ಎದುರಿಗೇ ಅಡಿಕೆಯಷ್ಟು ಚೂರು ಕತ್ತರಿಸಿ ಔಷಧದ ಶೀಶೆಗೆ ಹಾಕಿದೆವು. ಉಳಿದದ್ದನ್ನು ಅವರೇ ಬಿಳಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು ಹೋದರು. ಅದೇ ಸಂಜೆ ತಮ್ಮ ಹಿರಿಯರ ಗೋರಿಗಳ ಹತ್ತಿರ ಮಣ್ಣು ಮಾಡಿದರು.

ಮುಂಬಯಿಯಿಂದ ವರದಿ ಬಂತು. ಕೆಟ್ಟ ಜಾತಿಯೇ. ಆ ಚೂರು ಹೋಗದಿದ್ದರೆ ನೀರುಗಡ್ಡೆಯೆಂದು ಬಿಟ್ಟುಬಿಡುತ್ತಿದ್ದೆನೇನೋ ಎಂದು ಸಾಹೇಬರು ನನ್ನೊಬ್ಬನ ಮುಂದೆ ಹೇಳಿದರು. ದಾವಲಸಾಬರು ಕಲಾಯಿಯ ಕುಲುಮೆ ಆರಿಸಿ, ಹೆಂಡತಿ ಮಗಳನ್ನು ಕರೆದುಕೊಂಡು ರೈಲು ಹತ್ತಿದರು. ಮುಂಬಯಿಯಲ್ಲಿ ವಾರಗಟ್ಟಲೆ ಕಿರಣ ಕೊಡಿಸಿದರು. ಮರಳಿ ಬಂದಾಗ ಹುಡುಗಿ ಕೋಲಿನಂತಾಗಿದ್ದಳು, ಹೊಟ್ಟೆಯ ಚರ್ಮ ಕಂದಿತ್ತು. ಗೆದ್ದೆವೆಂದು ಹೇಳಬೇಡಿ, ಎರಡು ವರ್ಷ ದಾಟಲಿ ಎಂದರು ಹಂಚಿನಾಳರು.

ಆ ಎರಡು ವರ್ಷ ನನ್ನ ಇಡೀ ನೌಕರಿಯಲ್ಲಿಯೇ ಉದ್ದವಾದವು. ನನ್ನ ಮಗುವಲ್ಲ, ನಮ್ಮ ಜಾತಿಯಲ್ಲ, ಓಣಿಯಲ್ಲ. ಆದರೂ ಅವಳು ನೆಗಡಿಯಿಂದ ಕೆಮ್ಮಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಈ ರೋಗ ಮೊದಲು ಹಾರುವುದು ಎದೆಗೆ. ದಾವಲಸಾಬರು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಪ್ಪದೆ ಬರುತ್ತಿದ್ದರು. ಎದೆಯ ಚಿತ್ರ ನೋಡಿ ಮುಗಿದ ಮೇಲೆ ಅವರು ಕೇಳುತ್ತಿದ್ದುದು ಎರಡೇ ಮಾತು: ಎದೆ ಸ್ವಚ್ಛ ಇದೆಯೇ, ಮುಂಬಯಿಯಿಂದ ಬಂತೇ. ಮೊದಲನೆಯದಕ್ಕೆ ಹೌದೆನ್ನಲು ನಮಗೆ ಬರುತ್ತಿತ್ತು. ಎರಡನೆಯದಕ್ಕೆ ಸಾಹೇಬರು ತಲೆ ತಗ್ಗಿಸುತ್ತಿದ್ದರು. ಕಲೆಕ್ಟರರ ಮುಂದೆಯೂ ತಗ್ಗದ ತಲೆ ಅದು.

ಆದದ್ದು ಇಷ್ಟು. ಮುಂಬಯಿಯ ಪ್ರೊಫೆಸರರು ಚೂರನ್ನು ಮೇಣದಲ್ಲಿ ಹುದುಗಿಸಿ, ಎಳೆಯೆಳೆಯಾಗಿ ಕೊಯ್ದು, ಬಣ್ಣ ಕೊಟ್ಟು ಗಾಜಿನ ಪಟ್ಟಿಗಳ ಮೇಲೆ ಕೂರಿಸಿದ್ದರು. ಇಂಥ ಮಾದರಿ ಸಿಗುವುದು ದುರ್ಲಭ, ವಿದ್ಯಾರ್ಥಿಗಳಿಗೆ ಬೇಕು, ಕೊಡಲಾಗುವುದಿಲ್ಲ ಎಂದು ಅವರ ಉತ್ತರ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಗಾಜಿನಿಂದ ಕಲಿತವರು ಬೇರೆ ಎಷ್ಟು ಮಕ್ಕಳನ್ನು ಗುರುತಿಸಬಹುದಿತ್ತೋ. ನಾನು ಸಾಹೇಬರಿಗೆ ಇದನ್ನೇ ಹೇಳಿ, ದಾವಲಸಾಬರಿಗೆ ತಿಳಿಸಿ ಹೇಳಿದರೆ ಒಪ್ಪಿಯಾರು ಎಂದೆ. ಒಪ್ಪಬಹುದು, ಆದರೆ ತಿರುಗಿ ಕೊಡುತ್ತೇನೆಂದು ಹೂಂ ಅಂದವರು ಅವರಲ್ಲ, ನಾನು ಎಂದು ಸಾಹೇಬರು ಮಾತು ಮುಗಿಸಿದರು.

ಎರಡನೆಯ ವರ್ಷದ ಮಳೆಗಾಲ ಕಳೆದ ಮೇಲೆ ಹಂಚಿನಾಳರು ರಜೆ ಹಾಕಿ ಮುಂಬಯಿಗೆ ಹೋದರು. ಮರಳಿ ಬಂದಾಗ ಕೋಟಿನ ಕಿಸೆಯಲ್ಲಿ ಒಂದು ಚಿಕ್ಕ ತಗಡಿನ ಪೆಟ್ಟಿಗೆಯಿತ್ತು. ಅದರೊಳಗೆ ಮೇಣದ ತುಂಡು, ಹತ್ತಿಯಲ್ಲಿ ಸುತ್ತಿದ ಗಾಜಿನ ಪಟ್ಟಿಗಳು. ಪ್ರೊಫೆಸರರು ಹೇಗೆ ಕೊಟ್ಟರು ಎಂದು ಕೇಳಿದೆ.

“ಹುಡುಗಿ ತೀರಿಕೊಂಡಾಳಂತ ತಿಳಿದಿದ್ರು ಅವರು. ಅವರ ಕಪಾಟಿನ್ಯಾಗಿದ್ದ ಈ ಜಾತಿಯ ಮಕ್ಕಳು ಎಲ್ಲಾ ತೀರಿಕೊಂಡವರ. ಬದುಕ್ಯಾಳ, ಆಕಿ ತಂದಿ ಕೇಳಾಕತ್ತಾರ ಅಂದೆ. ಎದ್ದು ಕಪಾಟ ತಗದು ತಾವ ಕೊಟ್ರು.”

ಆ ಸಲ ದಾವಲಸಾಬರು ಬಂದಾಗ ಎದೆಯ ಚಿತ್ರ ಎಂದಿನಂತೆ ಸ್ವಚ್ಛವಿತ್ತು. ಇನ್ನು ಮುಂದೆ ಪದೇ ಪದೇ ಬರಬೇಕಿಲ್ಲ ಎಂದು ಸಾಹೇಬರು ಹೇಳಿದರು. ಆಮೇಲೆ ಪೆಟ್ಟಿಗೆಯನ್ನು ಎರಡೂ ಕೈಯಿಂದ ಕೊಟ್ಟರು. ದಾವಲಸಾಬರು ಒಂದು ಗಾಜಿನ ಪಟ್ಟಿಯನ್ನು ಬೆಳಕಿಗೆ ಹಿಡಿದು, ಅದರ ಮೇಲಿನ ತಿಳಿಗೆಂಪು ಕಲೆಯನ್ನು ಬಹಳ ಹೊತ್ತು ನೋಡಿದರು. ಅವರು ಅತ್ತದ್ದನ್ನು ನಾನು ಕಂಡದ್ದು ಆ ಒಂದು ದಿನ. ಶುಕ್ರವಾರ ಮಣ್ಣು ಮಾಡುತ್ತೇನೆ, ನೀವಿಬ್ಬರೂ ಬರಬೇಕು ಎಂದು ಕರೆದರು.

ಹಳೇ ಹುಬ್ಬಳ್ಳಿಯ ಕಬರಸ್ತಾನದಲ್ಲಿ ನಾವು ನಾಲ್ಕೇ ಜನ. ಹೆಣ್ಣುಮಕ್ಕಳು ಅಲ್ಲಿಗೆ ಬರುವ ವಾಡಿಕೆಯಿಲ್ಲ, ಆದರೆ ಜೈತೂನ ಅಪ್ಪನ ಬೆನ್ನು ಬಿಡದೆ ಬಂದಿದ್ದಳು. ದಾವಲಸಾಬರು ಅಂಗೈಯಗಲದ ಕುಣಿ ತೋಡಿ, ಮೇಣವನ್ನೂ ಗಾಜನ್ನೂ ಬಟ್ಟೆಯಲ್ಲಿ ಸುತ್ತಿ ಮೊದಲಿನದರ ಹತ್ತಿರವೇ ಇಟ್ಟರು. ಹಿಡಿ ಮಣ್ಣು ಹಾಕಿ ಎಂದು ನಮಗೆ ಸನ್ನೆ ಮಾಡಿದರು. ಹಂಚಿನಾಳರು ಹಾಕಿದರು, ನಾನೂ ಹಾಕಿದೆ. ನಾವು ಹಾಕುವುದನ್ನು ನೋಡಿ ಜೈತೂನಳೂ ತನ್ನ ಪುಟ್ಟ ಮುಷ್ಟಿ ತುಂಬ ಮಣ್ಣು ತಂದು ಸುರಿದಳು. ಸುರಿದು, ಇಲ್ಲಿ ಯಾರು ಮಲಗಿದ್ದಾರೆ ಎಂದು ತಮ್ಮ ಮನೆಯ ಉರ್ದುವಿನಲ್ಲಿ ಅಪ್ಪನನ್ನು ಕೇಳಿದಳು.

ದಾವಲಸಾಬರು ಕೈ ಕೊಡವಿಕೊಂಡು ಎದ್ದು ನಿಂತು ನಮ್ಮ ಕಡೆ ನೋಡಿದರು. ನಮಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲಿಯೇ ಹೇಳಿದರು.

“ನೀನ, ಸ್ವಲ್ಪ ಇಲ್ಲಿ ಮಲಗೀದಿ. ಉಳಿದಾಕಿ ನಡಿ ಮನಿಗೆ. ನಿಮ್ಮವ್ವ ಹಾದಿ ಕಾಯಾಕತ್ತಾಳ.”

ಹುಡುಗಿ ಆ ಮಣ್ಣನ್ನು ಒಂದು ಸಲ ನೋಡಿ, ಅಪ್ಪನ ಬೆರಳು ಹಿಡಿದು ಹೊರಟಳು.